ಇಲಿಗೊಂದು, ಕಾಗೆಗೊಂದು, ಅಕ್ಕನಿಗೊಂದು

ಹಬ್ಬ ಬರುವುದು ಪಂಚಾಂಗದ ತಿಥಿ ನೋಡಿಕೊಂಡು. ಆಸ್ಪತ್ರೆಯ ಡ್ಯೂಟಿ ಪಟ್ಟಿ ಬರುವುದು ಗೋಡೆಯ ಕ್ಯಾಲೆಂಡರಿನ ತಾರೀಖು ನೋಡಿಕೊಂಡು. ಇವೆರಡಕ್ಕೂ ಯಾವ ಜನ್ಮದಲ್ಲೂ ಜಾತಕ ಕೂಡಿ ಬರುವುದಿಲ್ಲ ಎಂಬುದು ಸರಕಾರಿ ಆಸ್ಪತ್ರೆಯಲ್ಲಿ 33 ವರ್ಷ ನರ್ಸಾಗಿ ದುಡಿದ ನನ್ನ ಅನುಭವ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡು, ಎರಡರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಮರುದಿನ ಬೆಳಿಗ್ಗೆ ಎಂಟು. ದಿನವೆಂಬುದನ್ನು ಹೀಗೆ ಮೂರು ಹೋಳು ಮಾಡಿಟ್ಟ ಮೇಲೆ ಹಬ್ಬದ ಹೋಳಿಗೆ ಯಾವುದಾದರೊಂದು ಹೋಳಿನ ಕೆಳಗೆ ಸಿಕ್ಕಿಕೊಳ್ಳಲೇಬೇಕಲ್ಲ!

ನನಗೊಂದು ಚಟವಿತ್ತು. ಕೆಲಸಕ್ಕೆ ಸೇರಿದ 1988ರಿಂದ ನಿವೃತ್ತಳಾದ 2021ರವರೆಗೆ ಪುಟ್ಟ ಡೈರಿಗಳಲ್ಲಿ 'ಬೆ', 'ಮ', 'ರಾ' ಎಂದು ಅಂದಂದಿನ ಡ್ಯೂಟಿ ಗುರುತು ಹಾಕಿಡುತ್ತಿದ್ದೆ. ಮೊನ್ನೆ ಹಳೆಯ ಟ್ರಂಕು ತೆಗೆದಾಗ ಅವೆಲ್ಲ ಸಿಕ್ಕವು. ಕೂತು ಲೆಕ್ಕ ಹಾಕಿದೆ. ದೀಪಾವಳಿಯ ಮೂರೂ ದಿನ ನಾನು ಮನೆಯಲ್ಲಿದ್ದದ್ದು ಒಟ್ಟು 7 ಸಲ. ಅದರಲ್ಲಿ ಎರಡು ಹೆರಿಗೆ ರಜೆಯ ಕೃಪೆ. ಒಂದು, ಕಾಲಿನ ಮೂಳೆ ಮುರಿದದ್ದರ ಕೃಪೆ. ನಾನಾಗಿ ಕೇಳಿ ಪಡೆದದ್ದು ನಾಲ್ಕೇ ನಾಲ್ಕು. ಭೂಮಿ ಹುಣ್ಣಿಮೆಯ ಲೆಕ್ಕ ಇನ್ನೂ ಕಡಿಮೆ. ಯಾಕೆಂದರೆ ಆ ಹಬ್ಬಕ್ಕೆ ರಜೆ ಕೊಡಿ ಎಂದರೆ 'ಅದ್ಯಾವ ಹಬ್ಬ ಸಿಸ್ಟರ್?' ಎಂದು ಕೇಳುವವರೇ ಹೆಚ್ಚಾಗಿದ್ದರು. ಬಯಲುಸೀಮೆಯಿಂದ ಬಂದ ಮೇಲಧಿಕಾರಿಗೆ ಭತ್ತದ ಗದ್ದೆಯ ಬಸುರಿನ ಸಂಗತಿ ವಿವರಿಸಿ, ರಜೆ ಚೀಟಿಗೆ ಸಹಿ ಹಾಕಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿತ್ತು?

ನನ್ನ ತವರು ಸೊರಬ ತಾಲ್ಲೂಕಿನ ಕುಬಟೂರು. ಆನವಟ್ಟಿಗೆ ಹೊಂದಿಕೊಂಡಂತೆ ಇರುವ ಊರು. ಸುಮಾರು ಒಂಬೈನೂರು ವರ್ಷದ ಹಿಂದಿನ ಕೈಟಭೇಶ್ವರ ದೇವಸ್ಥಾನ ಅಲ್ಲಿದೆ. ಅದರ ಸಭಾಮಂಟಪದ ಕಂಬಗಳ ನುಣುಪಿನಲ್ಲಿ ನಾವು ಮಕ್ಕಳು ಮುಖ ನೋಡಿಕೊಳ್ಳುತ್ತಿದ್ದೆವು. ಚಂದ್ರಹಾಸನ ಕತೆಯಲ್ಲಿ ಬರುವ ಕುಂತಳನಗರ ಇದೇ ಎಂಬುದು ಊರವರ ನಂಬಿಕೆ. 'ವಿಷ ಕೊಡು' ಎಂದು ಬರೆದ ಓಲೆಯಲ್ಲಿ ಒಂದಕ್ಷರ ತಿದ್ದಿ 'ವಿಷಯೆಯನ್ನು ಕೊಡು' ಎಂದು ಮಾಡಿದ ಹುಡುಗಿಯಿಂದಾಗಿ ಚಂದ್ರಹಾಸನ ಜೀವ ಉಳಿಯಿತಲ್ಲ, ಆ ಕತೆ. ಕೆಲವು ಡಾಕ್ಟರರ ಚೀಟಿ ಓದುವಾಗಲೆಲ್ಲ ನನಗೆ ನಮ್ಮೂರ ವಿಷಯೆ ನೆನಪಾಗುತ್ತಿದ್ದಳು! ನಾನು ಕೆಲಸ ಮಾಡಿದ್ದು ಊರಿನಿಂದ ಬಸ್ಸಿನಲ್ಲಿ ಎರಡು ತಾಸಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ದೂರ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಕೊನೆಯ ಬಸ್ಸು ಹೊರಟ ಮೇಲೆ ಎರಡು ತಾಸಾದರೇನು, ಎರಡು ದಿನವಾದರೇನು.

ಭೂಮಿ ಹುಣ್ಣಿಮೆ ಎಂದರೆ ಆಶ್ವೀಜ ಮಾಸದ ಹುಣ್ಣಿಮೆ. ಬೇರೆ ಕಡೆ ಸೀಗಿ ಹುಣ್ಣಿಮೆ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿರುತ್ತದೆ. ಭೂಮ್ತಾಯಿ ಬಸುರಿ; ಬಸುರಿಗೆ ಬಯಕೆ ಊಟ ಹಾಕಬೇಕು. ನಮ್ಮ ಸೊರಬ, ಸಾಗರದ ಕಡೆ ದೀವರ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹಿಂದಿನ ರಾತ್ರಿಯಿಡೀ ಹೆಂಗಸರು ಒಲೆ ಆರಿಸುವುದಿಲ್ಲ. ಸೌತೆಕಾಯಿ ಕಡುಬು, ಕೊಟ್ಟೆ ಕಡುಬು, ಹೋಳಿಗೆ, ನೂರಾರು ಬಗೆಯ ಸೊಪ್ಪು ಕುಡಿ ಬೇಯಿಸಿದ ಹಚ್ಚಂಬಲಿ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ ಚರಗ ಚೆಲ್ಲುತ್ತಾರೆ. ಎಡೆ ಇಡುವಾಗ ಇಲಿಗೊಂದು, ಕಾಗೆಗೊಂದು ಪಾಲು ತೆಗೆದಿಡುವುದು ನಮ್ಮ ಮನೆಯ ಕ್ರಮ. ಬೆಳೆ ತಿನ್ನುವವರನ್ನೂ ಹಬ್ಬಕ್ಕೆ ಕರೆಯಬೇಕಲ್ಲ. ನಾನು ಡ್ಯೂಟಿಗೆ ಸೇರಿದ ಮೇಲೆ ಅವ್ವ ಇನ್ನೊಂದು ಪಾಲು ಬಾಳೆಲೆಯಲ್ಲಿ ಕಟ್ಟಿ ಬೇರೆ ಇಡತೊಡಗಿದಳು. ನನ್ನ ತಮ್ಮ ಆಗ ಕಾಲೇಜು ಹುಡುಗ, ಬಾಯಿಗೆ ಬೀಗವಿಲ್ಲ. 'ಇಲಿಗೊಂದು, ಕಾಗೆಗೊಂದು, ಅಕ್ಕನಿಗೊಂದು' ಎಂದು ಎಣಿಸಿ ಹೇಳುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರಂತೆ. 'ಅಂತೆ' ಎನ್ನುತ್ತಿದ್ದೇನೆ, ಯಾಕೆಂದರೆ ಆ ನಗೆಯನ್ನು ನಾನು ಒಮ್ಮೆಯೂ ಕೇಳಲಿಲ್ಲ. ಮರುದಿನ ಹಾನಗಲ್ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಡಬ್ಬ ಬರುತ್ತಿತ್ತು.

(ಇತ್ತೀಚಿನ ವರ್ಷಗಳಲ್ಲಿ ಇದೇ ಹುಣ್ಣಿಮೆಗೆ ವಾಲ್ಮೀಕಿ ಜಯಂತಿಯೆಂದು ಸರಕಾರಿ ರಜೆ ಇದೆ. ಕಚೇರಿಗಳಲ್ಲಿ ಇರುವ ನಮ್ಮ ಕಡೆಯವರು ಈಗ ನಿರಾಳವಾಗಿ ಗದ್ದೆಗೆ ಹೋಗುತ್ತಾರೆ. ಮೂರು ಹೋಳಿನವರಿಗೆ ಅದರಿಂದ ಏನೂ ಆಗಲಿಲ್ಲ ಬಿಡಿ.)

ಹಬ್ಬದ ದಿನ ನೀವು ಸರಕಾರಿ ಆಸ್ಪತ್ರೆಯ ವಾರ್ಡನ್ನು ನೋಡಿದ್ದೀರಾ? ನೋಡದಿದ್ದರೆ ಒಳ್ಳೆಯದೇ. ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ರೌಂಡ್ಸಿಗೆ ಬರುವ ಡಾಕ್ಟರನ್ನು ಇಡೀ ವಾರ್ಡು ಒಂದೇ ಪ್ರಶ್ನೆ ಕೇಳುತ್ತದೆ: 'ಹಬ್ಬಕ್ಕೆ ಬಿಡ್ತೀರಾ ಸಾರ್?' ಜ್ವರ ಇಳಿಯದವನು ಇಳಿದಿದೆ ಎನ್ನುತ್ತಾನೆ. ಹೊಲಿಗೆ ಬಿಚ್ಚದವಳು ನೋವೇ ಇಲ್ಲ ಎನ್ನುತ್ತಾಳೆ. ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ಹಾಸಿಗೆ ಖಾಲಿ. ಉಳಿಯುವವರು ಹೋಗಲಾರದವರು, ಇಲ್ಲವೇ ಕರೆದುಕೊಂಡು ಹೋಗಲು ಯಾರೂ ಬಾರದ ಮುದುಕರು. ಆ ಮುದುಕರ ಪಕ್ಕ ಹೋಗಿ ಬಿ.ಪಿ. ನೋಡುವಾಗ ಅವರು ಬಾಗಿಲ ಕಡೆಯೇ ನೋಡುತ್ತಿರುತ್ತಾರೆ. ನಾವು ಯಾರೂ ಬರುವುದಿಲ್ಲವೆಂದು ಹೇಳುವುದಿಲ್ಲ, ಬರುತ್ತಾರೆಂದೂ ಹೇಳುವುದಿಲ್ಲ. ಥರ್ಮಾಮೀಟರನ್ನು ಮಾತ್ರ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇಡುತ್ತೇವೆ.

ಖಾಲಿ ಹಾಸಿಗೆಗಳು ಹೆಚ್ಚು ಹೊತ್ತು ಖಾಲಿ ಇರುವುದಿಲ್ಲ. ಹಬ್ಬ ತನ್ನದೇ ರೋಗಿಗಳನ್ನು ಕಳಿಸಿಕೊಡುತ್ತದೆ. ಮೊದಲು ಪಟಾಕಿಯವರು. ಹೂಕುಂಡಕ್ಕೆ ಬಗ್ಗಿದ ಮಕ್ಕಳು. ಸುಟ್ಟ ಕೈಗೆ ಮನೆಯಲ್ಲೇ ಟೂತ್‌ಪೇಸ್ಟೋ ಇಂಕೋ ಮೆತ್ತಿಕೊಂಡು ಬಂದಿರುತ್ತಾರೆ, ನಾವು ಅದನ್ನು ತೊಳೆಯುವುದರಲ್ಲೇ ಅರ್ಧ ತಾಸು. ಕಣ್ಣಿಗೆ ಬಿದ್ದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. 108 ವಾಹನ ಬಂದದ್ದು 2008ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಬಾಡಿಗೆ ಜೀಪು ಹುಡುಕಬೇಕು, ಹಬ್ಬದ ದಿನ ಜೀಪಿನ ಡ್ರೈವರನನ್ನು ಹುಡುಕಬೇಕು, ಅವನು ಸಿಕ್ಕರೆ ನೆಟ್ಟಗೆ ನಿಂತಿದ್ದಾನೆಯೇ ಎಂದೂ ನೋಡಬೇಕು.

ಆಮೇಲೆ ಹೋರಿಯವರು. ಸೊರಬ, ಶಿಕಾರಿಪುರದ ಕಡೆ ದೀಪಾವಳಿಯಾದೊಡನೆ ಹೋರಿ ಬೆದರಿಸುವ ಹಬ್ಬ ಊರೂರಲ್ಲಿ ಶುರುವಾಗುತ್ತದೆ. ಬಲೂನು, ಜೂಲ ಕಟ್ಟಿ, ಕೊರಳಿಗೆ ಕೊಬ್ಬರಿ ಬಟ್ಟಲಿನ ಹಾರ ಹಾಕಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಕೊಬ್ಬರಿ ಕಿತ್ತವನು ಗಂಡಸು. ಕಿತ್ತವನೂ ಕೀಳಲಾರದವನೂ ಬಂದು ಸೇರುವುದು ನಮ್ಮಲ್ಲಿಗೆ. ಪಕ್ಕೆಲುಬು, ತೊಡೆ, ಹೊಟ್ಟೆ. ಸಾವೂ ನೋಡಿದ್ದೇನೆ, ಅದನ್ನು ಇಲ್ಲಿ ಬರೆಯಲಾರೆ. ಈ ಆಟ ಬೇಕೋ ಬೇಡವೋ ಎಂದು ಕೇಳಿದರೆ ನನ್ನ ಉತ್ತರ ಹೋರಿ ಸಾಕಿದ ನನ್ನ ತಮ್ಮನಿಗೆ ಹಿಡಿಸುವುದಿಲ್ಲ. ಒಂದು ವರ್ಷ ಎರಡು ಪಕ್ಕೆಲುಬು ಮುರಿದುಕೊಂಡ ಹುಡುಗನೊಬ್ಬ ಬಂದ. ಬಲಗೈ ಮುಷ್ಟಿ ಬಿಗಿದೇ ಇದೆ. ಡ್ರಿಪ್ ಹಾಕಲು ಕೈ ಬಿಡಿಸಿದರೆ ಒಳಗೆ ಕೊಬ್ಬರಿ ಬಟ್ಟಲು! ಅದನ್ನು ದಿಂಬಿನ ಕೆಳಗೆ ಇಟ್ಟ ಮೇಲೇ ಅವನು ಸೂಜಿ ಚುಚ್ಚಿಸಿಕೊಂಡದ್ದು. ಡಿಸ್ಚಾರ್ಜಿನ ದಿನ ಅವನ ತಾಯಿ ಅದೇ ಕೊಬ್ಬರಿಯನ್ನು ಒಡೆದು ವಾರ್ಡಿನವರಿಗೆಲ್ಲ ಚೂರು ಚೂರು ಹಂಚಿದಳು. ಆ ವರ್ಷ ನನ್ನ ಬಾಯಿಗೆ ಬಿದ್ದ ದೀಪಾವಳಿ ಅಷ್ಟೇ.

ಹಬ್ಬ ಹಾಡುವವರೂ ಒಮ್ಮೆ ಬಂದಿದ್ದರು. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಬಲೀಂದ್ರನ ದೀಪ ಆರದಂತೆ ಹಿಡಿದು ಮನೆಮನೆಗೆ ಹಾಡುತ್ತ ಹೋಗುವುದು ನಿಮಗೆ ಗೊತ್ತಿರಬಹುದು. ಸಿಬ್ಬಂದಿಯ ಕ್ವಾರ್ಟರ್ಸಿಗೆ ಬಂದವರು ಆಸ್ಪತ್ರೆಯ ಬಾಗಿಲಿಗೂ ಬಂದರು. ಒಳಗೆ ಆಕ್ಸಿಜನ್ ಸಿಲಿಂಡರುಗಳಿವೆ, ಉರಿಯುವ ದೀಪ ಬಿಡುವುದು ಹೇಗೆ? ಪೋರ್ಟಿಕೋದಲ್ಲೇ ಹಾಡಿ ಎಂದೆ. ಹಾಡಿದರು. ಕಿಟಕಿಗಳಲ್ಲಿ ಬ್ಯಾಂಡೇಜಿನ ತಲೆಗಳು ಸಾಲಾಗಿ ನಿಂತವು. ಹಾಡು ಮುಗಿದ ಮೇಲೆ ದೀಪಕ್ಕೆ ಎಣ್ಣೆ ಎರೆಯಬೇಕು, ಅದು ಕ್ರಮ. ಆಸ್ಪತ್ರೆಯಲ್ಲಿ ಇದ್ದದ್ದು ಲಿಕ್ವಿಡ್ ಪ್ಯಾರಾಫಿನ್. ಕೊನೆಗೆ ನಮ್ಮ ಆಯಾ ತನ್ನ ಚೀಲದಿಂದ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ತೆಗೆದು ಮರ್ಯಾದೆ ಉಳಿಸಿದಳು.

ದೀಪಾವಳಿ ಒಂದೇ ಅಲ್ಲ. ಸಂಕ್ರಾಂತಿ, ಶಿವರಾತ್ರಿ, ಹೋಳಿ ಇವು ಮೂರೂ ಬರುವುದು ಮಂಗನ ಕಾಯಿಲೆಯ ಕಾಲದಲ್ಲಿ. 1957ರಲ್ಲಿ ಮೊದಲು ಗುರುತಿಸಿದ ಆ ಜ್ವರಕ್ಕೆ ಜಗತ್ತೆಲ್ಲ ಹೇಳುವ ಹೆಸರು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನದು. ಕಾಡಿಗೆ ತರಗೆಲೆಗೆ, ಸೌದೆಗೆ ಹೋದವರಿಗೆ ಉಣ್ಣೆ ಕಚ್ಚಿ ಬರುವ ಕಾಯಿಲೆ. ಆ ತಿಂಗಳುಗಳಲ್ಲಿ ಜ್ವರದ ಕೇಸು ಬಂದರೆ ಎಳ್ಳು-ಬೆಲ್ಲ ಮರೆತು ಮೊದಲು ಕೇಳುವ ಪ್ರಶ್ನೆ, 'ಕಾಡಿಗೆ ಹೋಗಿದ್ರಾ?'

ಇಷ್ಟೆಲ್ಲದರ ನಡುವೆ ನಮ್ಮೊಳಗೆ ಒಂದು ಸಾಲ-ಸೋಲದ ವ್ಯವಹಾರವಿತ್ತು. ಮಂಗಳೂರು ಕಡೆಯ ಕ್ರೈಸ್ತ ಸಿಸ್ಟರ್ ಒಬ್ಬರು, ಶಿರಾಳಕೊಪ್ಪದ ಮುಸ್ಲಿಂ ಸಿಸ್ಟರ್ ಒಬ್ಬರು ನಮ್ಮಲ್ಲಿದ್ದರು. ಡಿಸೆಂಬರ್ 24ರ ರಾತ್ರಿ ನಾನು ಮಾಡಿದರೆ ಬಲಿಪಾಡ್ಯಮಿ ಆಕೆಯದು. ರಂಜಾನಿನ ದಿನ ನಾನು ನಿಂತರೆ ನರಕ ಚತುರ್ದಶಿ ಈಕೆಯದು. ಯಾವ ಬ್ಯಾಂಕೂ ನಮ್ಮಷ್ಟು ಚೊಕ್ಕಟವಾಗಿ ಲೆಕ್ಕ ಇಟ್ಟಿರಲಾರದು. ಮೇಟ್ರನ್ ಅವರು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಈ ಲೆಕ್ಕ ತಪ್ಪಿದ್ದು 2004ರಲ್ಲಿ. ಆ ವರ್ಷ ದೀಪಾವಳಿಯೂ ರಂಜಾನೂ ಒಂದೇ ವಾರದಲ್ಲಿ ಬಂದವು. ಮುಸ್ಲಿಮರ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಧಿಕಮಾಸ ಬರುವವರೆಗೆ ನಮ್ಮದೂ ಅಷ್ಟೇ ಸರಿಯುತ್ತದೆ. ಹಾಗಾಗಿ 2005, 2006ರಲ್ಲೂ ಎರಡು ಹಬ್ಬ ಜೋಡೆತ್ತಿನಂತೆ ಒಟ್ಟಿಗೇ ಬಂದವು. ಇಬ್ಬರಿಗೂ ರಜೆ ಬೇಕು, ಇಬ್ಬರಿಗೂ ಇಲ್ಲ. ಆ ಮೂರು ವರ್ಷ ಆಕೆ ಉಪವಾಸ ಬಿಡುವ ಹೊತ್ತಿಗೆ ಖರ್ಜೂರ ಹಂಚಿಕೊಂಡು, ನಾನು ಅವ್ವನ ಹೋಳಿಗೆ ಹಂಚಿಕೊಂಡು, ಒಬ್ಬರನ್ನೊಬ್ಬರು ನೋಡಿಕೊಂಡೇ ಹಬ್ಬ ಮಾಡಿದೆವು. 2007ರಲ್ಲಿ ಅಧಿಕಮಾಸ ಬಂದು ಇಬ್ಬರನ್ನೂ ಬಿಡಿಸಿತು.

ಹೆರಿಗೆ ವಾರ್ಡಿಗೆ ಮಾತ್ರ ಹಬ್ಬ, ಹುಣ್ಣಿಮೆ ಏನೂ ಇಲ್ಲ. ನಾನು ಸೇರಿದ ಕಾಲಕ್ಕೆ ಹಳ್ಳಿಗಳಲ್ಲಿ ಸೂಲಗಿತ್ತಿಯರೇ ಹೆಚ್ಚು ಹೆರಿಗೆ ಮಾಡಿಸುತ್ತಿದ್ದರು. ಕಷ್ಟವಾದರೆ ಮಾತ್ರ ನಮ್ಮಲ್ಲಿಗೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿತ್ತು. 2019-21ರ ಸಮೀಕ್ಷೆಯಲ್ಲಿ ಅದು 97. ಬಹಳ ಒಳ್ಳೆಯದಾಯಿತು. ಆದರೆ ಮೊದಲು ಊರೂರಿನ ಸೂಲಗಿತ್ತಿಯರು ಹಂಚಿಕೊಂಡಿದ್ದ ಹಬ್ಬದ ರಾತ್ರಿಗಳೆಲ್ಲ ಒಟ್ಟಾಗಿ ಬಂದು ನಮ್ಮ ಹೆರಿಗೆ ಕೋಣೆಯಲ್ಲಿ ಕೂತವು.

1997ರ ಭೂಮಿ ಹುಣ್ಣಿಮೆಗೆ ಅಪ್ಪನಿಗೆ ಎದೆನೋವು ಶುರುವಾಗಿ ಕೆಲವು ತಿಂಗಳಾಗಿತ್ತು. ಈ ಸಲ ಬಾ ಎಂದು ಅವ್ವ ಹೇಳಿ ಕಳಿಸಿದ್ದಳು. ಅಪ್ಪ ಹೇಳಿ ಕಳಿಸಿರಲಿಲ್ಲ. ಅವರು ಕೇಳುವ ಪೈಕಿಯಲ್ಲ. ನಾನು ರಜೆ ಕೇಳಿದೆ. ಇಬ್ಬರು ಸಿಸ್ಟರುಗಳು ಮೊದಲೇ ರಜೆಯಲ್ಲಿದ್ದರು, ಸಿಗಲಿಲ್ಲ. ಆ ರಾತ್ರಿ ಹೆರಿಗೆ ವಾರ್ಡಿನಲ್ಲಿ ಚೊಚ್ಚಲ ಬಸುರಿಯೊಬ್ಬಳು ಸಂಜೆಯಿಂದ ನೋವು ತಿನ್ನುತ್ತಿದ್ದಳು. ಜೊತೆಗೆ ತಾಯಿ ಒಬ್ಬಳೇ. ಗಂಡನ ಮನೆಯವರು ಬುಟ್ಟಿ ಹೊರುವುದಕ್ಕೆ ಊರಿಗೆ ಹೋಗಿದ್ದರು. ಅಲ್ಲಿ ಬಸುರಿ ಗದ್ದೆಗೆ ಬಯಕೆ ಊಟ, ಇಲ್ಲಿ ಬಸುರಿ ಹುಡುಗಿಗೆ ಒಂದು ಲೋಟ ಕಾಫಿ ಕೊಡುವವರಿಲ್ಲ ಎಂದು ಆ ತಾಯಿ ಗೊಣಗಿದ್ದು ನನಗಿನ್ನೂ ಕಿವಿಯಲ್ಲಿದೆ. ನಸುಕಿನ ಐದರ ಸುಮಾರಿಗೆ ಹೆಣ್ಣು ಮಗು ಹುಟ್ಟಿತು. ಏಳಕ್ಕೆ ಗಂಡ ಸೈಕಲ್ಲಿನಲ್ಲಿ ಬಂದ. ಗದ್ದೆಯಿಂದ ನೇರ ಬಂದಿದ್ದ, ಕಾಲಿಗೆಲ್ಲ ಕೆಸರು. ಟವೆಲ್ಲಿನಲ್ಲಿ ಕಟ್ಟಿ ತಂದ ಕಡುಬಿನಲ್ಲಿ ಮೊದಲನೆಯದು ಹೆಂಡತಿಗೆ ಕೊಡಲು ಹೋದ. ಈಗ ಬೇಡ ಎಂದೆ. ಅದನ್ನೇ ನನ್ನ ಕೈಗೆ ಕೊಟ್ಟ. ಡ್ಯೂಟಿ ರೂಮಿನಲ್ಲಿ ನಿಂತುಕೊಂಡೇ ತಿಂದೆ.

ಅದೇ ಹೊತ್ತಿಗೆ ಕುಬಟೂರಿನಲ್ಲಿ ಅಪ್ಪ ತಮ್ಮನ ಭುಜ ಹಿಡಿದುಕೊಂಡು ಗದ್ದೆಗೆ ಹೋಗಿ, ಎಂದಿನಂತೆ ಒಂದು ಕೊಟ್ಟೆ ಕಡುಬನ್ನು ಬದುವಿನ ಪಕ್ಕ ಮಣ್ಣಿನಲ್ಲಿ ಹೂತಿಟ್ಟಿದ್ದರು. ಕೊಯ್ಲಿನ ಹೊತ್ತಿಗೆ ಅದನ್ನು ತೆಗೆಯುವುದು ನಮ್ಮ ಮನೆಯ ಪದ್ಧತಿ. ಕೊಯ್ಲಿಗೆ ಮೊದಲೇ, ಕಾರ್ತಿಕದಲ್ಲಿ ಅಪ್ಪ ಹೋದರು. ಡಿಸೆಂಬರಿನಲ್ಲಿ ಆ ಕಡುಬನ್ನು ತೆಗೆದವನು ತಮ್ಮ. ಅವತ್ತು ನಾನು ಅಲ್ಲಿದ್ದೆ, ರಜೆ ಇತ್ತು. ಎಲ್ಲಿ ಹೂತಿದ್ದಾರೆ ಎಂದು ಅವನಿಗೆ ಮಾತ್ರ ಗೊತ್ತಿತ್ತು.

ಗಂಡನ ಮನೆಯ ಕತೆ ಬೇರೆ. ಹಬ್ಬದ ದಿನ ಸೊಸೆ ಬಿಳಿ ಸೀರೆ ಉಟ್ಟು ಹೊರಡುವುದು ನಮ್ಮ ಅತ್ತೆಗೆ ಮೊದಲ ವರ್ಷ ಅಪಶಕುನವಾಗಿ ಕಂಡಿತು. ಬೂರೆ ನೀರು ತುಂಬುವವರಿಲ್ಲ, ಗೋಪೂಜೆಗೆ ಆರತಿ ಎತ್ತುವವರಿಲ್ಲ. ಎಲ್ಲವನ್ನೂ ಅವರೇ ಮಾಡಿದರು. ಮಾಡಿದ್ದನ್ನು ನಾನು ಮನೆಗೆ ಬಂದೊಡನೆ ಒಂದೊಂದಾಗಿ ಹೇಳಿದರು. ಬೀದಿಯವರ ಮುಂದೆ ಮಾತ್ರ 'ನಮ್ಮ ಸೊಸೆ ಇಲ್ಲದಿದ್ರೆ ಆಸ್ಪತ್ರೆ ನಡೆಯೋದಿಲ್ಲ' ಎನ್ನುತ್ತಿದ್ದರು. ಎರಡೂ ಮಾತು ಅವರು ಮನಸಾರೆ ಆಡಿದ್ದೇ. ಕೊನೆಯವರೆಗೂ ಅವರು ನನ್ನನ್ನು ಪೂರ್ತಿ ಒಪ್ಪಲಿಲ್ಲ ಎಂಬುದು ನನ್ನ ಅಂದಾಜು. ನನಗೂ ಅವರ ಮೇಲೆ ಸಿಟ್ಟಿಲ್ಲ, ಅವರ ಸೊಂಟ ಹಬ್ಬದ ಮೂರು ದಿನದಲ್ಲೇ ಬಗ್ಗಿದ್ದು. ನನ್ನ ಮಗ ಮಾತ್ರ ಎರಡನೆಯ ತರಗತಿಯಲ್ಲಿ 'ನಮ್ಮ ಮನೆಯ ದೀಪಾವಳಿ' ಎಂದು ಚಿತ್ರ ಬರೆದು ತಂದ. ಅಜ್ಜಿ, ಅಪ್ಪ, ತಂಗಿ, ಆಕಾಶಬುಟ್ಟಿ, ಹಸು ಎಲ್ಲ ಇದ್ದವು. ನಾನೆಲ್ಲಿ ಎಂದು ಕೇಳಿದೆ. ಕಾಗದ ತಿರುಗಿಸಿ ತೋರಿಸಿದ. ಹಿಂಬದಿಯಲ್ಲಿ ಒಂದು ಕಟ್ಟಡ, ಅದಕ್ಕೊಂದು ಕೆಂಪು ಪ್ಲಸ್ ಗುರುತು.

ಒಂದು ಹಬ್ಬದಲ್ಲಿ ಮಾತ್ರ ಇಡೀ ದೇಶ ಮನೆಯಲ್ಲಿತ್ತು. 2020ರ ಯುಗಾದಿ, ಮಾರ್ಚ್ 25. ಅದೇ ದಿನ ಲಾಕ್‌ಡೌನ್ ಶುರು. ಬಸ್ಸಿಲ್ಲ, ಅಂಗಡಿಯಿಲ್ಲ. ನನ್ನನ್ನು ಆಸ್ಪತ್ರೆಗೆ ಬಿಡಲು ಬಂದ ಮಗನ ಬೈಕನ್ನು ಪೊಲೀಸರು ಎರಡು ಕಡೆ ನಿಲ್ಲಿಸಿದರು. ಎರಡು ಕಡೆಯೂ ಆ ಹುಡುಗರು ನನ್ನ ಗುರುತಿನ ಚೀಟಿ ನೋಡಿ, 'ನಿಮಗೂ ಹಬ್ಬ ಇಲ್ವಾ ಮೇಡಂ?' ಎಂದು ಕೇಳಿದರು. ಅವರಿಗೂ ಇರಲಿಲ್ಲ. ಅವತ್ತು ವಾರ್ಡಿನಲ್ಲಿ ಬೇವು-ಬೆಲ್ಲ ಹಂಚಲು ಸೂಚನೆ ಇಲ್ಲ, ಕೈ ಮುಟ್ಟಬಾರದು. ಮನೆಗೆ ಬಂದರೆ ನಾನೇ ಹಿತ್ತಲಿನ ಕೋಣೆಯಲ್ಲಿ ಬೇರೆ. ಒಬ್ಬಟ್ಟಿನ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಸೊಸೆ ಎರಡು ಮಾರು ದೂರ ನಿಂತಳು. ಮೂವತ್ತೆರಡು ವರ್ಷ ಹಬ್ಬದಲ್ಲಿ ಮನೆಯಿಂದ ದೂರ ಇದ್ದವಳಿಗೆ ಮನೆಯೊಳಗೇ ದೂರ ಇರುವುದು ಹೊಸದಾಗಿತ್ತು. ಆ ಒಬ್ಬಟ್ಟು ನನಗೆ ಸೇರಲಿಲ್ಲ ಎಂದು ಹೇಳಲೇಬೇಕು.

ಈಗ ನಿವೃತ್ತಿ. ಹಬ್ಬಕ್ಕೆ ಕುಬಟೂರಿಗೆ ಹೋಗುತ್ತೇನೆ. ಮೊದಲ ವರ್ಷ ರಾತ್ರಿ ಎಂಟಾದೊಡನೆ ಕೈಗಡಿಯಾರ ನೋಡಿಕೊಂಡೆ, ಅವ್ವ ನಕ್ಕಳು. ಅವಳಿಗೀಗ ಎಂಬತ್ತು ದಾಟಿದೆ. ಬುಟ್ಟಿಗೆ ಚಿತ್ತಾರ ಬರೆಯಲು ಕೈ ನಡುಗುತ್ತದೆ, ಕೂತು ಹೇಳುತ್ತಾಳೆ, ತಮ್ಮನ ಹೆಂಡತಿ ಬರೆಯುತ್ತಾಳೆ. ನನಗೆ ಬರುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ನಾನು ಕಲಿತದ್ದು ಬೇರೆ.

ತಮ್ಮನ ಮಗಳು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳು ಈ ಓದಿಗೆ ಸೇರುವಾಗ ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಕಳೆದ ಭೂಮಿ ಹುಣ್ಣಿಮೆಯಂದು ಅವಳಿಗೆ ಐ.ಸಿ.ಯು.ನಲ್ಲಿ ರಾತ್ರಿ ಪಾಳಿ. ಎಡೆ ತೆಗೆಯುವಾಗ ತಮ್ಮ ಸುಮ್ಮನಿದ್ದ. ಎಣಿಸುವ ಹುಡುಗಾಟಿಕೆ ಅವನಿಗೀಗ ಇಲ್ಲ. ಅವ್ವನೇ ಎಣಿಸಿ ಮೂರನೆಯದನ್ನು ಕಟ್ಟಿದಳು. ಬೆಂಗಳೂರಿನ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸುವುದೆಂದು ನಿಶ್ಚಯವಾಯಿತು. ತಮ್ಮನ ಹೆಂಡತಿ ನನ್ನನ್ನು ಕೇಳಿದಳು, 'ಏನೇನು ಕಳಿಸ್ಲಿ ಅತ್ತಿಗೆ?'

ಸೌತೆಕಾಯಿ ಕಡುಬು ಬೇಡ, ಮುಟ್ಟುವ ಹೊತ್ತಿಗೆ ಹಳಸುತ್ತದೆ ಎಂದೆ. ಹೋಳಿಗೆ ಇಡು, ನಡುವೆ ಕಾಗದ ಹಾಕು. ಹತ್ತಕ್ಕೆ ಕಡಿಮೆ ಇಡಬೇಡ, ಪಾಳಿಯಲ್ಲಿ ಅವಳೊಬ್ಬಳೇ ಇರುವುದಿಲ್ಲ. ಡಬ್ಬದ ಮೇಲೆ ಬರೀ ಹೆಸರು ಬರೆದರೆ ಸಾಲದು, ಯಾವ ವಾರ್ಡು, ಎಷ್ಟನೆಯ ಮಹಡಿ ಎಂದು ಬರೆ. ಮತ್ತೆ ಬೆಳಿಗ್ಗೆ ಎಂಟಕ್ಕೆ ಮೊದಲು ಫೋನ್ ಮಾಡಬೇಡ, ಆಗ ಅವಳು ಚಾರ್ಜ್ ಒಪ್ಪಿಸುತ್ತಿರುತ್ತಾಳೆ.